ಹಾವೇರಿಗೆ ಹೋಗಿ ಬಂದೆವು

ಮಂಗಳೂರು
14 ಜುಲೈ 2024

ಪ್ರೀತಿಯ ಅಪ್ಪನಿಗೆ,

ಮೇಘಾಳ ನಮಸ್ಕಾರ. ಅವ್ವನಿಗೂ ಇದನ್ನು ಓದಿ ಹೇಳು. ಫೋನು ಮನೆಯೊಳಗೆ ಬರಕೂಡದೆಂದು ಅಣ್ಣ ಹಟ ಹಿಡಿದು, ನೀನು ನಿನ್ನದನ್ನು ದಲಾಲಿ ಅಂಗಡಿಯಲ್ಲೇ ಬಿಟ್ಟು ಬರಲು ಶುರು ಮಾಡಿದ ಮೇಲೆ ನಮಗೆ ಕಾಗದವೇ ಗತಿ. ಹಾಸ್ಟೆಲಿನ ಹುಡುಗಿಯರು "ಈ ಕಾಲದಲ್ಲಿ ಅಂಚೆಪೆಟ್ಟಿಗೆ ಹುಡುಕುವವಳು ನೀನೊಬ್ಬಳೇ" ಎಂದು ನಗುತ್ತಾರೆ. ನಗಲಿ ಬಿಡು. ಅಂಗಡಿಗೆ ಫೋನು ಮಾಡಿದರೆ ನೀನು ಹತ್ತು ಮಂದಿಯ ನಡುವೆ ಕೂತು "ಹೂಂ, ಹೂಂ, ಆತು" ಅನ್ನುತ್ತೀ, ಅಷ್ಟೇ. ಕಾಗದದಲ್ಲಾದರೆ ಪೂರ್ತಿ ಮಾತಾಡುತ್ತೀ.

ನಾಲ್ಕನೆಯ ವರ್ಷ ಶುರುವಾಯಿತು. ಉಳಿದವರು ಪದವಿಗೆ ಮೂರು, ಎಂ.ಎಸ್ಸಿ.ಗೆ ಎರಡು ಅಂತ ಐದು ವರ್ಷ ಓದುವ ಮನಃಶಾಸ್ತ್ರ ಮತ್ತು ಆಪ್ತಸಮಾಲೋಚನೆಯನ್ನು ನಾವು ಕೆಲವರು ನಾಲ್ಕೇ ವರ್ಷದಲ್ಲಿ ಮುಗಿಸುತ್ತೇವೆ. ಅದಕ್ಕೇ ನಮಗೆ ಬೇಸಿಗೆ ರಜೆ ಇಲ್ಲ, ದಸರೆ ಇಲ್ಲ, ದೀಪಾವಳಿ ಇಲ್ಲ. ಒಂದು ವಿಷಯದಲ್ಲಿ ಹಿಂದೆ ಬಿದ್ದರೂ, ಹಾಜರಿ ಕಡಿಮೆಯಾದರೂ, ಐದು ವರ್ಷದವರ ಸಾಲಿಗೆ ದಬ್ಬುತ್ತಾರೆ. ನಾನು ಬೀಳುವುದಿಲ್ಲ. ಈ ಅವಸರದ ಕೋರ್ಸು ಯಾಕೆ ಹಿಡಿದೆನೆಂದು ನಿನಗೆ ಗೊತ್ತಲ್ಲ. ಅಣ್ಣನ ಹತ್ತಿರ ಒಂದು ವರ್ಷ ಮೊದಲು ಬರಬೇಕು, ಅದೊಂದೇ.

ಈ ವರ್ಷ ಪುಸ್ತಕ ಬಿಟ್ಟು ನಿಜವಾದ ಮನುಷ್ಯರ ಎದುರು ಕೂರುತ್ತೇವೆ. ಕಾಲೇಜಿನ ಸಮಾಲೋಚನಾ ಕೇಂದ್ರಕ್ಕೆ ಬಂದವರ ಜೊತೆ ಮಾತಾಡಿ, ಅವರ ಒಪ್ಪಿಗೆಯಿಂದ ಅದನ್ನು ರೆಕಾರ್ಡ್ ಮಾಡಿಕೊಳ್ಳುತ್ತೇವೆ. ಆಮೇಲೆ ನಮ್ಮ ನಲಿನಿ ಮೇಡಂ ಅದನ್ನು ಕೇಳಿ ನಮ್ಮ ಬೆವರಿಳಿಸುತ್ತಾರೆ. ಮೊನ್ನೆ ನನಗೆ ಮೊದಲನೆಯವಳು ಬಂದಳು. ಪರೀಕ್ಷೆಯೆಂದರೆ ಕೈಕಾಲು ತಣ್ಣಗಾಗುವ ಹುಡುಗಿ. ನಾನು ಹೆಚ್ಚೇನೂ ಹೇಳಲಿಲ್ಲ, ಬರೀ ಕೇಳಿದೆ. ಹೋಗುವಾಗ ಅವಳ ಮುಖ ನೀನು ನೋಡಬೇಕಿತ್ತು.

ಅಂದಿನಿಂದ ಅಣ್ಣನದೇ ಯೋಚನೆ. ರಾಣೇಬೆನ್ನೂರಿನ ಬೀಜದ ಕಂಪನಿಯ ಕೆಲಸ ಬಿಟ್ಟು, ಎಲ್ಲರೂ ತನ್ನ ಬಗ್ಗೆಯೇ ಮಾತಾಡುತ್ತಾರೆಂದು ಅವನು ಮನೆ ಸೇರಿದಾಗಿನಿಂದ ನಾವು ಯಾರಾದರೂ ಅವನ ಮಾತನ್ನು ಪೂರ್ತಿ ಕೇಳಿದ್ದೇವೆಯೇ? ಮೊದಲು ಸುಮ್ಮನಿರು ಅಂದೆವು. ಆಮೇಲೆ ಹಾವೇರಿ ಆಸ್ಪತ್ರೆಯ ಗುಳಿಗೆ ನುಂಗಿಸಿ ಮಲಗಿಸಿದೆವು. ಅವನು ಶಾಂತನಾದ, ನಿಜ. ಆದರೆ ಹಗಲೆಲ್ಲ ನಿದ್ದೆ, ಮೈ ಬಂತು, ನಾಲಿಗೆ ದಪ್ಪವಾಯಿತು. ಗುಳಿಗೆ ನೋವನ್ನು ಒಳಗೇ ಒತ್ತಿಡುತ್ತದೆ ಅಪ್ಪಾ, ಮಾತು ಅದನ್ನು ಹೊರಗೆ ತೆಗೆಯುತ್ತದೆ. ಬೇರು ಇರುವುದು ಮನಸ್ಸಿನಲ್ಲಿ. ಗುಳಿಗೆ ಅಲ್ಲಿಯ ತನಕ ಹೋಗುವುದಿಲ್ಲ.

ದಿನಾ ಸಂಜೆ ಅವನ ಜೊತೆ ಕೂರು. ವಾದ ಮಾಡಬೇಡ, ಹಾಗೇನೂ ಇಲ್ಲ ಎನ್ನಬೇಡ. ಕೇಳು. ಮೇ ತಿಂಗಳಿಗೆ ನಾನೇ ಬರುತ್ತೇನೆ, ಎರಡು ಪದವಿ ಹೊತ್ತುಕೊಂಡು.

ನಿನ್ನ
ಮೇಘಾ


ಬ್ಯಾಡಗಿ
11 ಆಗಸ್ಟ್ 2024

ಚಿರಂಜೀವಿ ಮೇಘಾಳಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದ ಮನೆಯಲ್ಲಿ ಪೂರ್ತಿ ಓದಿದೆ, ಅಂಗಡಿಯಲ್ಲಿ ಅರ್ಧ ಓದಿದೆ. ಅರ್ಧವೇ ಯಾಕೆಂದರೆ ಉಳಿದರ್ಧದಲ್ಲಿ ನಿನ್ನ ಅಣ್ಣ ದುರ್ಗೇಶನ ಸುದ್ದಿ ಇತ್ತು. ನಮ್ಮ ಸಾಹುಕಾರರು, "ಸೋಮಪ್ಪಾ, ಹಂಗಾದ್ರ ಇನ್ನ ನಮ್ಮ ತಲಿ ಕೆಟ್ರ ನಿಮ್ಮ ಮನಿಗೇ ಬರೂದು" ಎಂದರು. "ಬರ್ರಿ, ಆದ್ರ ಪಾಳಿ ಹಚ್ಚಬೇಕಾಕ್ಕೈತಿ" ಎಂದೆ. ಜೀವಮಾನವಿಡೀ ಮೆಣಸಿನಕಾಯಿ ಚೀಲದ ತೂಕ ಬರೆದ ಗುಮಾಸ್ತನಿಗೆ ಅಷ್ಟು ಜಂಬವಾದರೂ ಬೇಡವೇ?

ಈಗ ಹೊಸ ಮಾಲು ಇಲ್ಲ, ಕೋಲ್ಡ್ ಸ್ಟೋರೇಜಿನದಷ್ಟೇ ಬರುತ್ತದೆ. ಹೊತ್ತು ಮುಳುಗುವ ಮೊದಲೇ ಮನೆ ಸೇರಿ ನೀನು ಹೇಳಿದ ಹಾಗೆ ದುರ್ಗೇಶನ ಮುಂದೆ ಕೂರುತ್ತೇನೆ. ಮೊದಲ ವಾರ ಗೋಡೆ ನೋಡುತ್ತಿದ್ದ. ಎರಡನೆಯ ವಾರ ಬಾಯಿ ಬಿಟ್ಟ ನೋಡು! ಬೀಜದ ಕಂಪನಿಯಲ್ಲಿ ಯಾರು ಏನೆಂದರು, ಚೀಲ ಹೊಲಿಯುವ ಯಂತ್ರದೊಳಗಿನಿಂದ ತನ್ನ ಹೆಸರು ಹೇಗೆ ಕೇಳುತ್ತಿತ್ತು, ಎಲ್ಲ ಹೇಳಿದ. ನಾನು ಹೌದೆನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ನಾಲಿಗೆ ಕಚ್ಚಿಕೊಂಡು ಕೂತೆ. ಇಷ್ಟು ವರ್ಷದಲ್ಲಿ ನನ್ನ ಮಗ ನನ್ನೊಡನೆ ಅಷ್ಟು ಮಾತಾಡಿದ್ದು ಅದೇ ಮೊದಲು. ನನಗೆ ಅಳು ಬಂತು ಮೇಘಾ.

ಈಗ ನಸುಕಿನಲ್ಲೇ ಏಳುತ್ತಾನೆ, ನೀರು ತರುತ್ತಾನೆ, ಮೈ ಇಳಿದಿದೆ, ಮಾತು ಸ್ವಚ್ಛವಾಗಿದೆ. ಹಾವೇರಿಗೆ ಹೋಗಿಬರುವ ತಾಪತ್ರಯವೂ ತಪ್ಪಿತು. ನಿನ್ನ ಅವ್ವನದೊಂದೇ ಗೊಣಗು. "ಆಕಿ ಇನ್ನೂ ಕಲಿಯಾಕತ್ತಾಳ, ಹಾವೇರಿ ಡಾಕ್ಟರನ್ನ ಒಂದ ಮಾತ ಕೇಳ್ರಿ" ಎನ್ನುತ್ತಾಳೆ. "ಆ ಡಾಕ್ಟರಿಗೆ ದಿನಾ ನೂರು ಮಂದಿ. ನಮ್ಮ ಹುಡುಗಿಗೆ ಇಂವ ಒಬ್ಬನ ಅಣ್ಣ" ಎಂದು ಬಾಯಿ ಮುಚ್ಚಿಸಿದೆ.

ಮುಂದಿನ ಖೋಲಿಗೆ ಸುಣ್ಣ ಹಚ್ಚಿಸಿದ್ದೇನೆ. ಎರಡು ಕುರ್ಚಿ ತರಿಸಿದ್ದೇನೆ. ಪೇಂಟರನನ್ನು ಹಿಡಿದು ಬೋರ್ಡೂ ಬರೆಸಿದೆ: ಡಾ. ಮೇಘಾ, ಮನಸ್ಸಿನ ಡಾಕ್ಟರು. ತೂಗು ಹಾಕಿಲ್ಲ, ಗೋಡೆಗೆ ಆನಿಸಿ ಇಟ್ಟಿದ್ದೇನೆ. ಪಕ್ಕದ ಮನೆಯ ಜಾಹೀದಾ ಓದಿ, "ಕಾಕಾ, ಅಕ್ಕಾ ಬರೂತನ ತಡಿಯಾಕ ಆಗವಲ್ದೇನ?" ಎಂದಳು. ಆಗುವುದಿಲ್ಲ.

ನಿನ್ನ ಅಪ್ಪ
ಸೋಮಪ್ಪ


ಮಂಗಳೂರು
29 ಸೆಪ್ಟೆಂಬರ್ 2024

ಪ್ರೀತಿಯ ಅಪ್ಪನಿಗೆ,

ನಿನ್ನ ಕಾಗದವನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತೇನೆ ಅಂದರೆ ನಗಬೇಡ. ಅಣ್ಣ ನೀರು ತರುತ್ತಾನೆ ಎಂಬ ಒಂದು ಸಾಲಿಗಾಗಿ ಇಷ್ಟು ವರ್ಷದ ಒದ್ದಾಟವೆಲ್ಲ ಸಾರ್ಥಕ ಅನ್ನಿಸಿತು. ಬೇಗ ಬರೆಯಬೇಕಿತ್ತು. ಇಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ.

ತರಗತಿಯಲ್ಲಿ ಹೆಸರು ಊರು ಹೇಳದೆ ಅಣ್ಣನ ಸಂಗತಿ ಹೇಳಿದೆ. ಮನೆಯವರು ಕೂತು ಕೇಳತೊಡಗಿದ ಮೇಲೆ ಹೇಗೆ ಬದಲಾದ ಎಂದು ವಿವರಿಸಿದೆ. ಎಲ್ಲರೂ ಮೆಚ್ಚಿದರು. ನಲಿನಿ ಮೇಡಂ ಮಾತ್ರ, "ಅವರು ಮನೋವೈದ್ಯರ ಕೈಕೆಳಗೆ ಇದ್ದಾರೆ ತಾನೆ?" ಎಂದರು. ಇದ್ದಾರೆ, ಹಾವೇರಿಯಲ್ಲಿ ತೋರಿಸುತ್ತಿದ್ದಾರೆ ಎಂದೆ. ತಿಂಗಳಿಗೊಮ್ಮೆ ಬರುತ್ತಿದ್ದವರಿಗೆ ಡಾಕ್ಟರು ಈಗ ಮೂರು ತಿಂಗಳಿಗೊಮ್ಮೆ ಬನ್ನಿ ಅಂದಿರಬೇಕು, ಅಲ್ಲವೇ? ತಾಪತ್ರಯ ತಪ್ಪಿತು ಎಂದು ನೀನು ಬರೆದದ್ದು ಅದನ್ನೇ ಅಂದುಕೊಂಡೆ. ದೊಡ್ಡ ಕಾಯಿಲೆಗಳ ಪಾಠ ನಮಗೆ ನವೆಂಬರಿನಲ್ಲಿ ಬರುತ್ತದೆ. ಐದು ವರ್ಷದವರಿಗೆ ಅದನ್ನು ಮೊದಲು ಕಲಿಸಿ ಆಮೇಲೆ ಜನರ ಮುಂದೆ ಕೂರಿಸುತ್ತಾರೆ. ನಮ್ಮದು ಓಡುವ ಬಸ್ಸು ಹತ್ತಿ ಆಮೇಲೆ ಟಿಕೆಟ್ ಕೇಳುವ ಹಾಗೆ.

ಬೋರ್ಡಿನ ಸುದ್ದಿ ಕೇಳಿ ನಾಚಿಕೆಯಾಯಿತು, ಖುಷಿಯೂ ಆಯಿತು. ನಾನು ಡಾಕ್ಟರಲ್ಲ ಅಪ್ಪಾ. ಆಪ್ತಸಮಾಲೋಚಕಿ ಅನ್ನಬೇಕು. ಆದರೆ ಬರೆಸಿದ್ದನ್ನು ಅಳಿಸುವುದು ಬೇಡ ಬಿಡು. ಇರಲಿ.

ದಸರೆಗೆ ಬರಲಾಗುವುದಿಲ್ಲ. ಅವ್ವನಿಗೆ ಬೇಸರ ಮಾಡಿಕೊಳ್ಳಬೇಡ ಎನ್ನು. ಅಣ್ಣನಿಗೆ ಒಂದು ಅಂಗಿ ಕಳಿಸಿದ್ದೇನೆ. ಮೈ ಇಳಿದಿದೆ ಅಂದೆಯಲ್ಲ, ಹಳೆಯ ಅಳತೆಯದೇ ತೆಗೆದುಕೊಂಡೆ.

ನಿನ್ನ
ಮೇಘಾ


ಬ್ಯಾಡಗಿ
10 ನವೆಂಬರ್ 2024

ಚಿರಂಜೀವಿ ಮೇಘಾಳಿಗೆ ಆಶೀರ್ವಾದ.

ಅಂಗಿ ಬಂತು. ಅವನು ಹಾಕಿಕೊಂಡಿಲ್ಲ. ಹೊಲಿಗೆಯಲ್ಲಿ ಏನೋ ಇಟ್ಟಿದ್ದಾರೆ ಎನ್ನುತ್ತಾನೆ. ನೀನು ಬೇಜಾರು ಮಾಡಿಕೊಳ್ಳಬೇಡ. ಈ ಸಲ ಒಂದೆರಡು ವಿಷಯ ನಿನ್ನನ್ನೇ ಕೇಳಬೇಕಾಗಿದೆ.

ದಸರೆಯಿಂದ ಈಚೆಗೆ ದುರ್ಗೇಶನಿಗೆ ನಿದ್ದೆ ಇಲ್ಲ. ದೀಪಾವಳಿಯ ಪಟಾಕಿಗೆ ಹೆದರಿ ಕಿಟಕಿಗಳಿಗೆಲ್ಲ ಗೋಣಿಚೀಲ ತುರುಕಿದ. ಅವುಗಳನ್ನು ತೆಗೆಯಲು ಬಿಡುವುದಿಲ್ಲ. ನಿನ್ನ ಅವ್ವ ಕೊಟ್ಟದ್ದನ್ನು ತಿನ್ನುವುದಿಲ್ಲ. ಅವಳು ಅವ್ವನೇ ಅಲ್ಲವಂತೆ, ಅವಳ ಹಾಗೆ ಕಾಣುವ ಯಾರೋ. ನಿನ್ನ ಅವ್ವ ಹಿತ್ತಲಲ್ಲಿ ಕೂತು ಅಳುತ್ತಾಳೆ. ನಾನು ಮುಂದೆ ಕೂತು ಕೇಳುತ್ತೇನೆ. ನೀನು ಹೇಳಿದ್ದನ್ನು ಒಂದು ದಿನವೂ ತಪ್ಪಿಸಿಲ್ಲ. ಈಗ ಅವನು ನನಗಲ್ಲ, ನನ್ನ ಹಿಂದೆ ಯಾರೋ ನಿಂತಿದ್ದಾರೆಂಬಂತೆ ಅವರಿಗೆ ಉತ್ತರ ಕೊಡುತ್ತಾನೆ.

ನಿನ್ನ ಅವ್ವನ ಸಮಾಧಾನಕ್ಕೆಂದು ದೇವರಗುಡ್ಡದ ಗುಡಿಗೆ ಕರೆದುಕೊಂಡು ಹೋಗಿದ್ದೆ. ಹಣೆಗೆ ಭಂಡಾರದ ಅರಿಶಿನ ಹಚ್ಚಿಸಿಕೊಂಡು ಸುಮ್ಮನೆ ಕೂತ. ತಿರುಗಿ ಬರುವಾಗ ಐರಣಿ ಹೊಳೆಗೆ ಹೋಗೋಣ ಎಂದ. ಹೋದೆವು. ಹೊಳೆಯ ದಂಡೆಯಲ್ಲಿ ಬಹಳ ಹೊತ್ತು ಕೂತು, "ಅಪ್ಪಾ, ಇಲ್ಲೆ ಅವರ ದನಿ ಕೇಳಸೂದಿಲ್ಲ. ನೀರಿನ ಸಪ್ಪಳ ಅಷ್ಟ" ಎಂದು ನಕ್ಕ. ತಿಂಗಳಲ್ಲಿ ಅದೊಂದೇ ಸಲ ನಕ್ಕದ್ದು. ಇದು ಒಳ್ಳೆಯ ಲಕ್ಷಣವೆಂದು ನನ್ನ ಎಣಿಕೆ. ಸರಿಯೋ ತಪ್ಪೋ ನೀನು ಹೇಳಬೇಕು.

ಇನ್ನೊಂದು. ನಿನ್ನ ಕಾಗದ ಬಂದ ಮಾರನೆಯ ದಿನವೇ, ಆಷಾಢದಲ್ಲೇ, ಗುಳಿಗೆ ಬಿಡಿಸಿದೆವಲ್ಲ. ಒಳಗೆ ಒತ್ತಿಟ್ಟಿದ್ದು ಹೊರಗೆ ಬರುವಾಗ ಹೀಗಾಗುವುದು ಸಹಜವೇ? ಎಲ್ಲ ಹೊರಗೆ ಬರಲು ಎಷ್ಟು ಸಮಯ ಹಿಡಿಯುತ್ತದೆ? ಅಷ್ಟು ದಿನ ನಾವು ತಡೆದುಕೊಳ್ಳುತ್ತೇವೆ. ಮುಂದೆ ಅವನನ್ನು ಏನು ಕೇಳಬೇಕೆಂದು ಬರೆ.

ನಿನ್ನ ಅಪ್ಪ
ಸೋಮಪ್ಪ


ಮಂಗಳೂರು
15 ನವೆಂಬರ್ 2024

ಅಪ್ಪಾ,

ಈಗಷ್ಟೇ ಅಂಗಡಿಗೆ ಫೋನು ಮಾಡಿದ್ದೆ. ನೀನು ಮತ್ತೆ "ಹೂಂ, ಆತು" ಅಂದೆ. ನಾನು ಹೇಳಿದ್ದು ನಿನ್ನ ಕಿವಿಗೆ ಬಿತ್ತೋ ಇಲ್ಲವೋ ಗೊತ್ತಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಇದನ್ನು ಅವ್ವನಿಗೂ ಓದಿ ಹೇಳಲೇಬೇಕು.

ಅಣ್ಣನನ್ನು ನಾಳೆಯೇ ಹಾವೇರಿಗೆ ಕರೆದುಕೊಂಡು ಹೋಗು. ಆಷಾಢದಿಂದ ಗುಳಿಗೆ ಇಲ್ಲ ಎಂದು ಡಾಕ್ಟರಿಗೆ ಬಿಚ್ಚಿ ಹೇಳು. ಹಳೆಯ ಗುಳಿಗೆ ಉಳಿದಿದ್ದರೂ ನೀನಾಗಿ ಕೊಡಬೇಡ, ಅವರು ಹೇಳಿದಷ್ಟೇ ಕೊಡು. ಹೊಳೆಯ ಹತ್ತಿರ ಅವನನ್ನು ಬಿಡಬೇಡ. ಒಬ್ಬನನ್ನೇ ಎಲ್ಲಿಗೂ ಬಿಡಬೇಡ.

ಗುಳಿಗೆ ಬಿಡಿಸು ಎಂದು ನಾನು ಬರೆಯಲಿಲ್ಲ. ಬರೆದೆನೇ? ನಾನು ಬರೆದದ್ದು ಪರೀಕ್ಷೆಗೆ ಹೆದರುವ ಹುಡುಗಿಯನ್ನು ನೋಡಿ. ಅಣ್ಣನದು ಅದಲ್ಲ. ಅವನ ಕಾಯಿಲೆಯ ಪಾಠ ನಮಗೆ ಹತ್ತು ದಿನದ ಹಿಂದೆ ಶುರುವಾಯಿತು. ಮೇಡಂ ಒಂದೊಂದೇ ಲಕ್ಷಣ ಹೇಳುತ್ತಾ ಹೋದರು, ನನಗೆ ನಮ್ಮ ಮನೆಯೇ ಕಾಣುತ್ತಿತ್ತು. ಇದಕ್ಕೆ ಗುಳಿಗೆಯೇ ಮೊದಲು. ಮಾತು ಆಮೇಲೆ, ಗುಳಿಗೆಯ ಜೊತೆಗೆ. ನಾನು ಮೇ ತಿಂಗಳಿಗೆ ಬಂದರೂ ಅವನನ್ನು ಗುಣಪಡಿಸಲಾರೆ. ಈ ಕೋರ್ಸು ಮುಗಿಸಿದವರು ಡಾಕ್ಟರಾಗುವುದಿಲ್ಲ ಅಪ್ಪಾ, ಗುಳಿಗೆ ಬರೆಯುವ ಅಧಿಕಾರವೂ ಇರುವುದಿಲ್ಲ. ನನಗಾಗಿ ಕಾಯಬೇಡ.

ಹೋಗಿ ಬಂದ ದಿನವೇ ಬರೆ. ಹತ್ತು ದಿನದಲ್ಲಿ ಕಾಗದ ಬಾರದಿದ್ದರೆ ನಾನೇ ಹೊರಟು ಬರುತ್ತೇನೆ. ಕೋರ್ಸು ಹಾಳಾಗಿ ಹೋಗಲಿ.

ಮೇಘಾ


ಬ್ಯಾಡಗಿ
24 ನವೆಂಬರ್ 2024

ಚಿರಂಜೀವಿ ಮೇಘಾಳಿಗೆ ಆಶೀರ್ವಾದ.

ಹಾವೇರಿಗೆ ಹೋಗಿ ಬಂದೆವು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಗೆ ಮನೆ ಸೇರಿದೆವು. ಡಾಕ್ಟರು ನೋಡಿದರು. ಹಿಂದಿನ ಗುಳಿಗೆಗಳನ್ನೇ ಮುಂದುವರಿಸಲು ತಿಳಿಸಿದ್ದಾರೆ. ಅದರಂತೆ ಕೊಡುತ್ತಿದ್ದೇವೆ. ಕಾಳಜಿಗೆ ಕಾರಣವಿಲ್ಲ.

ಊಟ ಖಾನಾವಳಿಯಲ್ಲಿ ಮಾಡಿದೆವು. ದುರ್ಗೇಶ ಎರಡು ರೊಟ್ಟಿ ಹೆಚ್ಚಿಗೆ ಹಾಕಿಸಿಕೊಂಡ.

ನೀನು ಬರುವ ಅವಶ್ಯಕತೆ ಇಲ್ಲ. ಬಂದರೆ ಹಾಜರಿ ತಪ್ಪಿ ಒಂದು ವರ್ಷ ಹೋಗುತ್ತದೆ. ಅಷ್ಟು ಕಷ್ಟಪಟ್ಟದ್ದು ವ್ಯರ್ಥವಾಗುವುದು ಬೇಡ. ಚೆನ್ನಾಗಿ ಓದು.

ನಿನ್ನ ಅಪ್ಪ
ಸೋಮಪ್ಪ


ಮಂಗಳೂರು
15 ಡಿಸೆಂಬರ್ 2024

ಪ್ರೀತಿಯ ಅಪ್ಪನಿಗೆ,

ನಿನ್ನ ಕಾಗದ ಬಂದಾಗ ನನ್ನ ಚೀಲ ತುಂಬಿ ಬಾಗಿಲ ಹತ್ತಿರ ಇತ್ತು. ಹುಬ್ಬಳ್ಳಿ ಬಸ್ಸಿಗೆ ಟಿಕೆಟ್ ತೆಗೆಸಿದ್ದೆ. ಓದಿದ ಮೇಲೆ ಹಾಸಿಗೆಯ ಮೇಲೆ ಕೂತು ಒಂದೊಂದೇ ಬಟ್ಟೆ ಹೊರಗೆ ತೆಗೆದೆ. ನೀನು ಎಷ್ಟು ದೊಡ್ಡ ಉಪಕಾರ ಮಾಡಿದೆ ಗೊತ್ತೇ?

ಆದರೂ ನಿನ್ನ ಕಾಗದ ಯಾಕೋ ಅಂಗಡಿಯ ಪತ್ರದ ಹಾಗಿತ್ತು. ಒಂದು ಚೇಷ್ಟೆ ಇಲ್ಲ, ಸಾಹುಕಾರರ ಸುದ್ದಿ ಇಲ್ಲ. ನನ್ನ ಮೇಲೆ ಸಿಟ್ಟೇ? ಸಿಟ್ಟಿದ್ದರೆ ಬೈ. ಬರೆದದ್ದು ನಾನೇ. ಜುಲೈಯಲ್ಲಿ ಬರೆದ ಆ ಸಾಲುಗಳನ್ನು ನೆನಸಿಕೊಂಡರೆ ಮುಖ ಮುಚ್ಚಿಕೊಳ್ಳುವಂತಾಗುತ್ತದೆ. ಅರ್ಧ ಕಲಿತವಳು ಪೂರ್ತಿ ಕಲಿತವಳ ಹಾಗೆ ಬರೆದೆ. ನೀನು ನನ್ನ ಅಕ್ಷರವನ್ನು ಅಷ್ಟೊಂದು ನಂಬುತ್ತೀ ಎಂಬುದು ನನಗೆ ಗೊತ್ತಿರಬೇಕಿತ್ತು.

ಈಗ ಕೆಲವು ಕೇಳುತ್ತೇನೆ, ಮರೆಯದೆ ಉತ್ತರಿಸು. ಅವನು ರಾತ್ರಿ ಮಲಗುತ್ತಾನೆಯೇ? ಗುಳಿಗೆ ನುಂಗಿದ್ದನ್ನು ಕಣ್ಣಾರೆ ನೋಡುತ್ತೀರಾ? ಅವ್ವನ ಕೈಯ ಊಟ ಮಾಡುತ್ತಾನೆಯೇ? ಕಿಟಕಿಯ ಚೀಲ ತೆಗೆದನೇ?

ಆ ಬೋರ್ಡನ್ನು ತೆಗೆದು ಅಟ್ಟಕ್ಕೆ ಹಾಕು. ಜನವರಿ ಕೊನೆಗೆ ಪರೀಕ್ಷೆ. ಮುಗಿದ ಕೂಡಲೇ ನಾಲ್ಕು ದಿನಕ್ಕಾದರೂ ಬರುತ್ತೇನೆ.

ನಿನ್ನ
ಮೇಘಾ


ಬ್ಯಾಡಗಿ
9 ಫೆಬ್ರುವರಿ 2025

ಚಿರಂಜೀವಿ ಮೇಘಾಳಿಗೆ,

ಕ್ಷೇಮವಾಗಿ ಮುಟ್ಟಿದೆಯೋ ಇಲ್ಲವೋ ತಿಳಿಯಲಿಲ್ಲ. ದುರ್ಗೇಶನ ದಿನಕರ್ಮ ಮುಗಿದ ಮರುದಿನವೇ ನೀನು ಹೊರಟೆ. ಬಸ್ ಸ್ಟ್ಯಾಂಡಿನ ತನಕ ನಾನು ನಿನ್ನ ಚೀಲ ಹಿಡಿದು ನಡೆದೆ. ನೀನು ಬಸ್ಸು ಹತ್ತಿದ ಮೇಲೂ ಈ ಕಡೆ ನೋಡಲಿಲ್ಲ.

ನಿನ್ನ ಅವ್ವ ಈಗ ಸ್ವಲ್ಪ ಗಂಜಿ ಕುಡಿಯುತ್ತಾಳೆ. ಜಾಹೀದಾ ಬಂದು ಪಕ್ಕದಲ್ಲಿ ಕೂರುತ್ತಾಳೆ. ಕಿಟಕಿಯ ಚೀಲಗಳನ್ನು ತೆಗೆಯಬೇಕೆಂದು ಹೋದೆ, ನಿನ್ನ ಅವ್ವ ಬೇಡ ಎಂದಳು. ಇರಲಿ ಎಂದು ಬಿಟ್ಟೆ.

ಮಾರುಕಟ್ಟೆ ತುಂಬಿ ತುಳುಕುತ್ತಿದೆ. ಘಾಟಿಗೆ ಊರೇ ಕಣ್ಣೊರೆಸಿಕೊಳ್ಳುತ್ತಿದೆ. ಹಾಗಾಗಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ.

ಪರೀಕ್ಷೆಗೆ ಕೂತೆಯಾ? ಎರಡು ಸಾಲು ಬರೆ. ಬೈದು ಬರೆದರೂ ಸರಿ.

ಅಪ್ಪ


ಮಂಗಳೂರು
2 ಮಾರ್ಚ್ 2025

ಅಪ್ಪನಿಗೆ,

ಬೈದು ಬರೆ ಅಂದಿದ್ದೀ. ಬರೆಯುತ್ತೇನೆ.

ಸಂಕ್ರಾಂತಿಯ ಮೂರನೆಯ ದಿನ ನಿಮ್ಮ ಸಾಹುಕಾರರ ಫೋನು ಬಂತು. "ತಂಗೀ, ನಿಮ್ಮ ಅಣ್ಣ ಐರಣಿ ಹೊಳ್ಯಾಗ ಸಿಕ್ಕಾನ. ಲಗೂ ಬಾ" ಎಂದರು. ಸಿಕ್ಕಾನ ಅಂದದ್ದಕ್ಕೆ ನಾನು, "ಆರಾಮ ಅದಾನಲ್ರೀ?" ಎಂದು ಕೇಳಿದೆ. ಅವರು ಮತ್ತೆ "ಲಗೂ ಬಾ" ಎಂದು ಫೋನು ಇಟ್ಟರು. ದಾರಿಯುದ್ದಕ್ಕೂ ನಾನು ನನ್ನನ್ನು ಸಮಾಧಾನಪಡಿಸಿಕೊಳ್ಳುತ್ತಿದ್ದೆ. ಗುಳಿಗೆ ಶುರುವಾಗಿತ್ತು, ಡಾಕ್ಟರು ನೋಡುತ್ತಿದ್ದರು, ನಮ್ಮ ಕೈಲಾದದ್ದನ್ನು ಮಾಡಿದ್ದೆವು, ಆದರೂ ಉಳಿಯಲಿಲ್ಲ ಅಂತ. ಅಷ್ಟಾದರೂ ನನಗೆ ಉಳಿದಿತ್ತು.

ಮನೆಗೆ ಬಂದ ಸಂಜೆ ಅವ್ವ ಹಿತ್ತಲಲ್ಲಿ ನನ್ನ ಕೈ ಹಿಡಿದು ಹೇಳಿದಳು. "ಎಲ್ಲೀ ಡಾಕ್ಟರ, ಯವ್ವಾ? ಹಾವೇರಿ ತನಾ ಹೋಗಿ ಉಂಡು ಬಂದಾರ. ಒಂದ ಗುಳಿಗಿ ತಂದಿಲ್ಲ. ಕೇಳಿದ್ರ, ಮೇಘಾ ಬರ್ತಾಳ, ಮೇ ತಿಂಗಳ ಎಷ್ಟ ದೂರ ಐತಿ ಅಂದ್ರು." ನಾನು ನವೆಂಬರಿನಲ್ಲಿ ಬರೆದ ಕಾಗದವನ್ನು ನೀನು ಅವಳಿಗೆ ಓದಿಯೇ ಇರಲಿಲ್ಲ. ಮೇಘಾ ಆರಾಮ ಇದ್ದಾಳಂತೆ ಎಂದು ಹೇಳಿ ಮಡಿಚಿ ಇಟ್ಟಿದ್ದೆಯಂತೆ. ಡಿಸೆಂಬರಿನ ನನ್ನ ಪ್ರಶ್ನೆಗಳಿಗೆ ಉತ್ತರ ಬಾರದಿದ್ದಾಗ ಸುಗ್ಗಿಯ ಗಡಿಬಿಡಿ ಅಂದುಕೊಂಡಿದ್ದೆ.

ಯಾಕಪ್ಪಾ? ನನ್ನ ಒಂದು ಕಾಗದವನ್ನು ದೇವರ ಮಾತಿನಂತೆ ನಂಬಿದವನಿಗೆ ಇನ್ನೊಂದನ್ನು ನಂಬಲು ಏನಾಗಿತ್ತು? ನಾನು ಡಾಕ್ಟರ ಹಾಗೆ ಬರೆದದ್ದು ಬೇಕಾಯಿತು, ಡಾಕ್ಟರಲ್ಲ ಅಂದದ್ದು ಬೇಡವಾಯಿತು. ಹೋಗಿ ಬಂದೆವು ಎಂದು ನೀನು ಬರೆದಿರದಿದ್ದರೆ ನಾನು ಅಂದೇ ಬಸ್ಸು ಹತ್ತುತ್ತಿದ್ದೆ. ಚೀಲ ತುಂಬಿತ್ತು. ನಾನೇ ಅವನನ್ನು ಕರೆದುಕೊಂಡು ಹೋಗುತ್ತಿದ್ದೆ.

ನಿನ್ನ ಮೇಲೆ ಎಷ್ಟು ಸಿಟ್ಟಿದೆಯೋ ನನ್ನ ಮೇಲೂ ಅಷ್ಟೇ ಇದೆ. ಗುಳಿಗೆ ನಿಂತದ್ದು ನನ್ನ ಅಕ್ಷರದಿಂದ. ನಲಿನಿ ಮೇಡಂ ಮುಂದೆ ಎಲ್ಲ ಹೇಳಿದೆ, ಈ ಸಲ ಹೆಸರು ಊರು ಸಮೇತ. ಅವರು "ನಿನ್ನ ತಪ್ಪಲ್ಲ" ಎನ್ನಲಿಲ್ಲ. ಕೇಳಿಸಿಕೊಂಡರು ಅಷ್ಟೇ. ಕೊನೆಗೆ, "ಅವರು ವೈದ್ಯರ ಕೈಕೆಳಗೆ ಇದ್ದಾರೆಯೇ ಅಂತ ನಾನು ಎರಡನೇ ಸಲ ಕೇಳಬೇಕಿತ್ತು" ಎಂದರು.

ಪರೀಕ್ಷೆಗೆ ಕೂರಲಿಲ್ಲ. ಐದು ವರ್ಷದವರ ಸಾಲಿಗೆ ಹಾಕಿ ಎಂದು ನಾನೇ ಬರೆದುಕೊಟ್ಟೆ. ಈ ವರ್ಷ ಜನರ ಮುಂದೆ ಕೂರುವುದಿಲ್ಲ ಎಂದೂ ಹೇಳಿದೆ. ಇನ್ನು ಯಾರಿಗಾಗಿ ಅವಸರ ಮಾಡಲಿ?

ಆ ದಿನ ಹಾವೇರಿಯಲ್ಲಿ ಏನಾಯಿತೆಂದು ನನಗೆ ಗೊತ್ತಾಗಬೇಕು. ಅದನ್ನು ಹೇಳುವ ತನಕ ಬೇರೇನೂ ಬರೆಯಬೇಡ.

ಮೇಘಾ


ಬ್ಯಾಡಗಿ
6 ಏಪ್ರಿಲ್ 2025

ಮೇಘಾ,

ನಾಲ್ಕು ಸಲ ಬರೆದು ಹರಿದೆ. ತಡವಾಯಿತು.

ಅಂದು ಆಸ್ಪತ್ರೆಯ ತನಕ ಹೋದದ್ದು ನಿಜ. ಚೀಟಿ ಮಾಡಿಸಿ ಪಾಳಿಯಲ್ಲಿ ಕೂತಿದ್ದೆವು. ನಮ್ಮ ಮುಂದೆ ಏಳೆಂಟು ಮಂದಿ ಇದ್ದರು. ಆಗ ಗುತ್ತಲದ ಕಡೆಯ ರೈತನೊಬ್ಬ ಕಂಡ. ಪ್ರತಿ ವರ್ಷ ನಮ್ಮ ಅಂಗಡಿಗೆ ಮಾಲು ತರುವವನು. ಅವನು ದೂರದಿಂದಲೇ, "ಏನ್ ಸೋಮಪ್ಪಾರ, ಇಲ್ಲೆ? ಮಗಳು ಇಂಥಾದ್ರಾಗ ಡಾಕ್ಟರ ಆಗ್ಯಾಳಂತಲ್ಲ, ಇಲ್ಲೇ ನೌಕರಿಗೆ ಹತ್ಯಾಳೇನು?" ಎಂದ. ಎಲ್ಲರೂ ತಿರುಗಿ ನೋಡಿದರು. ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೆನಲ್ಲ. ಡಾಕ್ಟರಮ್ಮನ ಅಣ್ಣನಿಗೇ ಹೀಗಂತೆ ಅಂದರೆ ನಾಳೆ ನಿನ್ನ ಮುಂದೆ ಯಾರು ಬಂದು ಕೂರುತ್ತಾರೆ ಎಂದು ಆ ಕ್ಷಣಕ್ಕೆ ಹೊಳೆಯಿತು. "ಹೌದ್ರಿ, ಆಕೀನ್ನ ನೋಡಾಕ ಬಂದೇವಿ" ಎಂದು ದುರ್ಗೇಶನ ರಟ್ಟೆ ಹಿಡಿದು ಹೊರಗೆ ಬಂದುಬಿಟ್ಟೆ.

ಇನ್ನೂ ಒಂದಿದೆ. ಇದನ್ನು ನಿನ್ನ ಅವ್ವನಿಗೂ ಹೇಳಿಲ್ಲ. ಖಾನಾವಳಿಯಲ್ಲಿ ಊಟ ಮಾಡುತ್ತಾ ದುರ್ಗೇಶ, "ಅಪ್ಪಾ, ಅಲ್ಲೆ ಗುಳಿಗಿ ಕೊಡತಿದ್ರಲ್ಲ, ಇಸಗೊಂಡ ಹೋಗೂಣು. ನನಗ ನಿದ್ದಿ ಬೇಕಾಗೇತಿ" ಎಂದ. ಅವನಾಗಿಯೇ ಕೇಳಿದ. ನಾನು, "ಮೇಘಾ ಬರ್ತಾಳ ತಡಿ, ಆಕೀನ ಕೊಡತಾಳ" ಎಂದು ಅವನ ತಾಟಿಗೆ ಇನ್ನೆರಡು ರೊಟ್ಟಿ ಹಾಕಿಸಿದೆ.

ನೀನು ಬರೆದೆ, ನಾನು ಬಿಡಿಸಿದೆ. ಆಮೇಲೆ ನೀನು ಬೇಡವೆಂದೆ, ನಾನು ಸುಳ್ಳು ಬರೆದೆ. ನಿನ್ನ ತಪ್ಪಿಗೆ ನೀನು ನಾಲ್ಕು ತಿಂಗಳಲ್ಲಿ ಎಚ್ಚೆತ್ತೆ. ನನಗೆ ಎಚ್ಚರವಾಗಿತ್ತು, ಗೊತ್ತಿದ್ದೂ ಮಾಡಿದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡ. ನೀನು ಕಲಿಯುವುದನ್ನು ಬಿಡಬೇಡ. ಐದಲ್ಲ, ಆರು ವರ್ಷವಾಗಲಿ.

ಕಳೆದ ವಾರ ಜಾಹೀದಾ ಬಂದಿದ್ದಳು. ಅವಳ ತಾಯಿ ಬಿಸ್ಮಿಲ್ಲಾಬಿಗೆ ತಿಂಗಳಿಂದ ನಿದ್ದೆ ಇಲ್ಲ, ಸತ್ತ ಗಂಡ ಕರೆಯುತ್ತಾನೆಂದು ಬಾಗಿಲು ತೆಗೆಯುತ್ತಾಳೆ. "ಅಕ್ಕಾ ಯಾವಾಗ ಬರ್ತಾಳ ಕಾಕಾ?" ಎಂದಳು. "ಅಕ್ಕನ ದಾರಿ ಕಾಯಬ್ಯಾಡ. ನಾಳಿಗೇ ಹಾವೇರಿಗೆ ಹೋಗೂಣು ನಡಿ" ಎಂದೆ. ಮನೆಯಲ್ಲಿ ಗಂಡಸರಿಲ್ಲ, ನಾನೇ ಕರೆದುಕೊಂಡು ಹೋದೆ. ಅದೇ ಪಾಳಿಯಲ್ಲಿ ಕೂತೆ. ಗುರುತಿನವರು ಇಬ್ಬರು ಸಿಕ್ಕರು. ನಾನು ಏಳಲಿಲ್ಲ.

ಡಾಕ್ಟರು ಬಿಸ್ಮಿಲ್ಲಾಬಿಯನ್ನು ಬಹಳ ಹೊತ್ತು ಮಾತಾಡಿಸಿ ಗುಳಿಗೆ ಬರೆದುಕೊಟ್ಟರು. ಹೊರಡುವಾಗ ನನ್ನ ಮುಖ ನೋಡಿ ಗುರುತು ಹಿಡಿದರು. "ನೀವು ದುರ್ಗೇಶನ ತಂದಿ ಅಲ್ಲೇನ್ರಿ? ಬೀಜದ ಕಂಪನಿಯೊಳಗಿದ್ದ ಹುಡುಗ. ಭಾಳ ಚಲೋ ಸುಧಾರಿಸಿದ್ದ. ಬರೂದ ಬಿಟ್ರಲ್ಲ, ಹ್ಯಾಂಗದಾನ?" ಎಂದರು.

ಹೇಳಬೇಕೆಂದೇ ಬಾಯಿ ತೆರೆದೆ ಮೇಘಾ. ನಿನ್ನಾಣೆ.

"ಆರಾಮ ಅದಾನ್ರಿ" ಎಂದೆ.

ಅವರಿಗೆ ಖುಷಿಯಾಯಿತು. "ಚಲೋ ಆತು. ಗುಳಿಗಿ ಮಾತ್ರ ಬಿಡಸಬ್ಯಾಡ್ರಿ ಮತ್ತ" ಎಂದರು.

"ಇಲ್ರಿ, ಬಿಡಸಂಗಿಲ್ಲ" ಎಂದೆ.

ನಿನ್ನ ಅಪ್ಪ
ಸೋಮಪ್ಪ